ಕಲಿಸುವ ಕೈಗಳ ಅಭಾವ

ಬೆಳಗಾವಿಯ ಉದ್ಯಮಬಾಗ್ ಆಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಾಗಲಿ, ಬೆಂಗಳೂರಿನ ಪೀಣ್ಯವಾಗಲಿ, ಯಾವುದೊಂದು ಕೈಗಾರಿಕಾ ಪ್ರದೇಶದಲ್ಲಿ ಸ್ವಲ್ಪ ಹೊತ್ತು ಅಡ್ಡಾಡಿದವರಿಗೂ ಕಾರ್ಖಾನೆಯ ಗೇಟಿಗೆ ತಂತಿಯಿಂದ ಬಿಗಿದ ಒಂದು ಫಲಕ ಕಣ್ಣಿಗೆ ಬೀಳದೆ ಹೋಗುವುದಿಲ್ಲ: ‘ಟರ್ನರ್, ಫಿಟ್ಟರ್, ವೆಲ್ಡರ್, ಸಿ.ಎನ್.ಸಿ. ಆಪರೇಟರ್ ಬೇಕಾಗಿದ್ದಾರೆ.’ ಫಲಕ ಬಿಸಿಲಿಗೆ ಬಣ್ಣಗೆಟ್ಟಿರುತ್ತದೆ; ಬೇಕಾದವರು ಬೇಗನೆ ಸಿಕ್ಕಿದ್ದರೆ ಅದು ಅಷ್ಟು ಕಾಲ ಅಲ್ಲಿ ತೂಗಬೇಕಾಗಿರಲಿಲ್ಲ. ಅದೇ ಕಾಲದಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಯ ಹಳ್ಳಿಗಳಿಂದ ಹತ್ತನೆಯ ತರಗತಿಯವರೆಗೆ ಓದಿದ ಹುಡುಗರು, ಸುಗ್ಗಿ ಮುಗಿದೊಡನೆ ಹೆಂಡಿರು ಮಕ್ಕಳ ಸಮೇತ ಗುಳೆ ಹೊರಟು, ಬೆಂಗಳೂರು ಪುಣೆ ಮುಂಬಯಿಗಳಲ್ಲಿ ಏಳುತ್ತಿರುವ ಕಟ್ಟಡಗಳ ಕೆಳಗೆ ತಗಡಿನ ಜೋಪಡಿ ಹಾಕಿಕೊಂಡು ಸಿಮೆಂಟು ಹೊರುತ್ತಿರುತ್ತಾರೆ. ‘ಜನ ಸಿಕ್ಕುವುದಿಲ್ಲ’ ಎಂಬ ಕಾರ್ಖಾನೆಯ ಮಾಲೀಕರ ದೂರೂ ಸತ್ಯ. ‘ಕೆಲಸ ಸಿಕ್ಕುವುದಿಲ್ಲ’ ಎಂಬ ಈ ಹುಡುಗರ ದೂರೂ ಅಷ್ಟೇ ಸತ್ಯ. ಒಂದೇ ರಾಜ್ಯದಲ್ಲಿ, ಒಂದು ರಾತ್ರಿಯ ರೈಲು ಪ್ರಯಾಣದ ಅಂತರದಲ್ಲಿ, ಇವೆರಡು ಸತ್ಯಗಳು ಪರಸ್ಪರ ಭೇಟಿಯಾಗದೆ ಉಳಿದಿರುವುದೇಕೆಂಬುದು ವಿಚಾರ ಮಾಡತಕ್ಕ ಪ್ರಶ್ನೆ.

ಈ ಪ್ರಶ್ನೆಗೆ ಸಾಮಾನ್ಯವಾಗಿ ಕೇಳಿಬರುವ ಉತ್ತರಗಳು ನಮಗೆಲ್ಲ ಪರಿಚಿತವಾದವು. ತರಬೇತಿ ಸಂಸ್ಥೆಗಳು ಸಾಲವು ಎನ್ನುವರು ಕೆಲವರು. ಪಠ್ಯಕ್ರಮ ಹಳತಾಯಿತು ಎನ್ನುವರು ಮತ್ತೆ ಕೆಲವರು. ಯುವಜನರಿಗೆ ಮೈಮುರಿದು ದುಡಿಯುವ ಮನಸ್ಸಿಲ್ಲವೆಂದು ಹಿರಿಯರು, ಹಿಂದಿನ ಎಲ್ಲ ತಲೆಮಾರುಗಳ ಹಿರಿಯರಂತೆಯೇ, ನಿಟ್ಟುಸಿರು ಬಿಡುವರು. ಈ ಉತ್ತರಗಳಲ್ಲಿ ಮೊದಲ ಎರಡರಲ್ಲಿ ಸತ್ಯಾಂಶವುಂಟು, ಮೂರನೆಯದನ್ನು ಬಿಟ್ಟುಬಿಡಬಹುದು. ಆದರೆ ಕನ್ನಡನಾಡಿನಲ್ಲಿ ಕೈಗಾರಿಕಾ ಕೌಶಲ ಬೆಳೆದುಬಂದ ಚರಿತ್ರೆಯನ್ನು ಸಾವಧಾನವಾಗಿ ಅವಲೋಕಿಸಿದವರಿಗೆ ಇವೆಲ್ಲಕ್ಕಿಂತ ಮೂಲದಲ್ಲಿರುವ ಒಂದು ಕೊರತೆ ಗೋಚರಿಸುತ್ತದೆ. ಕುಶಲ ಕಾರ್ಮಿಕರ ಅಭಾವವು ಮೊದಲು ಅವರಿಗೆ ಕಲಿಸಬಲ್ಲವರ ಅಭಾವ. ಕಲಿಸುವವರನ್ನು ಎಣಿಕೆಗೆ ತೆಗೆದುಕೊಳ್ಳದೆ ಕಲಿಯುವವರ ಸ್ಥಾನಗಳನ್ನು ಮಾತ್ರ ಎಣಿಸುತ್ತ ಬಂದಿರುವುದೇ ನಮ್ಮ ಯೋಜನೆಗಳ ದೋಷವೆಂದು ನನ್ನ ಅಭಿಪ್ರಾಯ.

ಚರಿತ್ರೆಯ ಮಾತು ಬಂದಿತಷ್ಟೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಕಬ್ಬಿಣದ ನೇಗಿಲನ್ನು ಎರಕ ಹೊಯ್ಯುವಷ್ಟರ ಮಟ್ಟಿಗೆ ಬೆಳೆದು, ನಗರವಿಸ್ತರಣೆಯ ಕಾರಣದಿಂದ ಅಲ್ಲಿನ ಜಾಗವನ್ನು ತೆರವು ಮಾಡಬೇಕಾಗಿ ಬಂದಾಗ, ಔಂಧ ಸಂಸ್ಥಾನದ ಅರಸರ ಆಶ್ರಯದಲ್ಲಿ ಕುರುಚಲು ಬೆಳೆದ ಬರಡು ನೆಲವೊಂದಕ್ಕೆ 1910ರಲ್ಲಿ ತಮ್ಮ ಕಾರ್ಖಾನೆಯನ್ನು ಸಾಗಿಸಿದರು. ಅದೇ ಮುಂದೆ ಕಿರ್ಲೋಸ್ಕರವಾಡಿಯಾಯಿತು. ಅಲ್ಲಿ ಅವರಿಗೆ ತಯಾರಾದ ಮೌಲ್ಡರುಗಳೂ ಫಿಟ್ಟರುಗಳೂ ಎಲ್ಲಿಂದ ದೊರೆತಾರು? ಸುತ್ತಲಿನ ಹಳ್ಳಿಗಳ ಒಕ್ಕಲು ಮಕ್ಕಳನ್ನೇ ಕರೆತಂದು, ಬಲ್ಲ ಕೆಲವರ ಪಕ್ಕದಲ್ಲಿ ನಿಲ್ಲಿಸಿ, ವರ್ಷಗಟ್ಟಲೆ ಕಲಿಸಿಕೊಂಡರು. ಆ ಕಾರ್ಖಾನೆ ನೇಗಿಲಿನೊಂದಿಗೆ ನೇಗಿಲು ಮಾಡುವವರನ್ನೂ ತಯಾರಿಸಿತು. 1941ರಲ್ಲಿ ಅದೇ ಮನೆತನದವರು ಹರಿಹರದಲ್ಲಿ ತುಂಗಭದ್ರೆಯ ದಡದ ಮೇಲೆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನು ತೆರೆದು ಲೇತುಗಳನ್ನು ತಯಾರಿಸತೊಡಗಿದಾಗ, ಹೊಳೆಯಾಚೆ ಈಚೆಯ ಊರುಗಳ ಪಾಲಿಗೆ ಅದೊಂದು ವಿದ್ಯಾಶಾಲೆಯೇ ಆಯಿತು. ‘ಹರಿಹರದಲ್ಲಿ ಕೆಲಸ ಕಲಿತವನು’ ಎಂಬ ಒಂದು ಮಾತು ಮಧ್ಯ ಕರ್ನಾಟಕದಲ್ಲಿ ಬಹುಕಾಲ ಪ್ರಮಾಣಪತ್ರದ ಬೆಲೆ ಪಡೆದಿತ್ತು.

ಭದ್ರಾವತಿಯ ಕಥೆ ಇದಕ್ಕೆ ಹೊಂದುವಂಥದು. 1923ರಲ್ಲಿ ಅಲ್ಲಿ ಕಬ್ಬಿಣದ ಕುಲುಮೆ ಹೊತ್ತಿದಾಗ ಅದನ್ನು ನಡೆಸಲು ಬಂದವರು ಅಮೆರಿಕದ ತಜ್ಞರು. ಅದೇ ವರ್ಷ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿದ ವಿಶ್ವೇಶ್ವರಯ್ಯನವರು ವೆಚ್ಚ ತಗ್ಗಿಸುವ ಕ್ರಮಗಳ ಜೊತೆಗೆ, ಆ ತಜ್ಞರ ಸ್ಥಾನಗಳಲ್ಲಿ ಮೈಸೂರಿನವರನ್ನು ಕ್ರಮಕ್ರಮವಾಗಿ ತಂದು ಕೂರಿಸುವ ಕೆಲಸವನ್ನೂ ಕೈಗೊಂಡರು. ಅವರ ದೂರದೃಷ್ಟಿಯನ್ನು ಹೊಗಳುವುದು ನಮ್ಮಲ್ಲಿ ಒಂದು ವಾಡಿಕೆಯಾಗಿಹೋಗಿದೆ. ಆ ವಾಡಿಕೆಗೆ ಇಲ್ಲಿ ಮತ್ತೊಂದು ಮಾಲೆ ಸೇರಿಸುವ ಉದ್ದೇಶವಿಲ್ಲ. ಆದರೂ ಒಂದು ಸಂಗತಿಯನ್ನು ಹೇಳದೆ ಮುಂದುವರಿಯಲಾಗದು. 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ತೆರೆಸಿದ ಅದೇ ವ್ಯಕ್ತಿ, ಕಾಲು ಶತಮಾನದ ಅನಂತರ, ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಬಿಟ್ಟುಕೊಟ್ಟದ್ದು ಮತ್ತೊಂದು ಇಂಜಿನಿಯರಿಂಗ್ ಕಾಲೇಜಿಗಲ್ಲ, ಕೈಕೆಲಸ ಕಲಿಸುವ ವೃತ್ತಿಶಿಕ್ಷಣ ಸಂಸ್ಥೆಗೆ. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ, ಇಂದಿನ ಎಸ್.ಜೆ. ಪಾಲಿಟೆಕ್ನಿಕ್, ಹುಟ್ಟಿದ್ದು ಹೀಗೆ. ಎಲ್ಲರೂ ಇಂಜಿನಿಯರುಗಳಾದರೆ ಯಂತ್ರದ ಮುಂದೆ ನಿಲ್ಲುವವರು ಯಾರೆಂಬ ಪ್ರಶ್ನೆ ಆ ಇಂಜಿನಿಯರ್ ಮಹಾಶಯರನ್ನೇ ಬಾಧಿಸಿದ್ದಿರಬೇಕು.

ಇನ್ನು ಬೆಂಗಳೂರು. 1940ರ ಡಿಸೆಂಬರಿನಲ್ಲಿ, ಯುದ್ಧದ ನಡುವೆ, ವಾಲಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸರ್ಕಾರದ ಬಂಡವಾಳದಿಂದಲೂ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿತವಾದಾಗ ಈ ನಾಡಿನಲ್ಲಿ ವಿಮಾನ ಕಟ್ಟಬಲ್ಲ ಕಾರ್ಮಿಕನೊಬ್ಬನೂ ಇರಲಿಲ್ಲವೆಂದರೆ ಅತಿಶಯೋಕ್ತಿಯಾಗದು. ಆದರೂ ಮರುವರ್ಷವೇ ಅಲ್ಲಿಂದ ಒಂದು ತರಬೇತಿ ವಿಮಾನ ಮೇಲೆದ್ದಿತು. ಅದರ ಮುಂದಿನ ವರ್ಷ, 1942ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಇಂಜಿನಿಯರಿಂಗ್ ವಿಭಾಗ ತೆರೆಯಿತು. ಕಾರ್ಖಾನೆಯೂ ಪಾಠಶಾಲೆಯೂ ಒಂದೇ ಊರಿನಲ್ಲಿ, ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ ಕಣ್ತೆರೆದವು. ಸ್ವಾತಂತ್ರ್ಯಾನಂತರ 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದೊಡನೆ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಬಂದವು. ಪ್ರತಿಯೊಂದರ ಆವರಣದಲ್ಲಿಯೂ ಅಪ್ರೆಂಟಿಸುಗಳಿಗಾಗಿ ತರಬೇತಿ ಕೇಂದ್ರವಿತ್ತು. ಜಾಲಹಳ್ಳಿಯಲ್ಲಿ ಸ್ವಿಸ್ ಕುಶಲಕರ್ಮಿಗಳಿಂದ ಕಲಿತವರು ತಮ್ಮ ಕೈಕೆಳಗಿನ ಹುಡುಗರಿಗೆ ಕಲಿಸಿದರು. ಅವರು ಮುಂದಿನವರಿಗೆ ಕಲಿಸಿದರು. ಈ ಸಾರ್ವಜನಿಕ ಉದ್ಯಮಗಳು ತಮಗೆ ಬೇಕಾದುದಕ್ಕಿಂತ ಹೆಚ್ಚು ಜನರನ್ನು ತಯಾರಿಸಿದುವು. ಹೆಚ್ಚಾದವರು ಹೊರಬಂದು, ಸಾಲ ಮಾಡಿ ಒಂದು ಲೇತು ಒಂದು ಡ್ರಿಲ್ಲಿಂಗ್ ಯಂತ್ರ ಹಾಕಿಕೊಂಡು ಪೀಣ್ಯದಲ್ಲಿ ಶೆಡ್ಡು ತೆರೆದರು. ಇಂದು ಆ ಪ್ರದೇಶವನ್ನು ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲೊಂದೆಂದು ಹೆಮ್ಮೆಯಿಂದ ಹೇಳಿಕೊಳ್ಳುವವರು, ಅದರ ಬೇರು ಸರ್ಕಾರಿ ಕಾರ್ಖಾನೆಗಳ ಅಪ್ರೆಂಟಿಸ್ ಶಾಲೆಗಳಲ್ಲಿತ್ತೆಂಬುದನ್ನು ಹೇಳುವುದು ವಿರಳ.

ಆ ಬೇರು ಒಣಗಿದ್ದು ಯಾರ ಗಮನಕ್ಕೂ ಬಾರದ ಹಾಗೆ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು. 1978ರಲ್ಲಿ ಆರಂಭವಾಗಿದ್ದ ತುಮಕೂರಿನ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆ 2016ರಲ್ಲಿ ಬಾಗಿಲು ಹಾಕಿತು. ಕಾರ್ಖಾನೆ ಮುಚ್ಚಿದಾಗ ವರ್ತಮಾನಪತ್ರಿಕೆಗಳು ಕಳೆದುಹೋದ ಉದ್ಯೋಗಗಳ ಲೆಕ್ಕ ಬರೆದವು. ಅದರೊಡನೆ ಮುಚ್ಚಿಹೋದ ಪಾಠಶಾಲೆಯ ಲೆಕ್ಕವನ್ನು ಯಾರೂ ಬರೆಯಲಿಲ್ಲ. ಖಾಸಗಿ ಉದ್ಯಮಗಳು ಆ ಸ್ಥಾನವನ್ನು ತುಂಬಬಹುದೆಂದು ಎಣಿಸಲಾಗಿತ್ತು. ದೊಡ್ಡವು ಕೆಲವು ತುಂಬಿದವು ಕೂಡ: ಬಿಡದಿಯಲ್ಲಿ ಟೊಯೊಟಾ ಕಂಪನಿ 2007ರಲ್ಲಿ ತೆರೆದ ತಾಂತ್ರಿಕ ತರಬೇತಿ ಸಂಸ್ಥೆ ಹತ್ತನೆಯ ತರಗತಿ ಮುಗಿಸಿದ ಗ್ರಾಮೀಣ ಮಕ್ಕಳಿಗೆ ವಸತಿಯಿತ್ತು ಮೂರು ವರ್ಷ ಕಲಿಸುತ್ತದೆ. ಆದರೆ ಹತ್ತು ಹದಿನೈದು ಜನರನ್ನಿಟ್ಟುಕೊಂಡ ಸಣ್ಣ ಶೆಡ್ಡಿನ ಮಾಲೀಕನ ಪರಿಸ್ಥಿತಿಯೇ ಬೇರೆ. ಎರಡು ವರ್ಷ ಕಷ್ಟಪಟ್ಟು ಒಬ್ಬ ಹುಡುಗನಿಗೆ ಕಲಿಸಿದರೆ, ಮೂರನೆಯ ವರ್ಷ ಅವನು ಎರಡು ಸಾವಿರ ಹೆಚ್ಚು ಕೊಡುವ ಪಕ್ಕದ ಶೆಡ್ಡಿಗೆ ಹೋಗುತ್ತಾನೆ. ಹೋಗುವುದು ಅವನ ಹಕ್ಕು, ತಪ್ಪೇನಿಲ್ಲ. ಆದ್ದರಿಂದ ಕಲಿಸುವವನಿಗಿಂತ, ಕಲಿತವನನ್ನು ಸೆಳೆದುಕೊಳ್ಳುವವನೇ ಜಾಣನೆನಿಸುತ್ತಾನೆ. ಎಲ್ಲರೂ ಈ ಜಾಣತನವನ್ನೇ ಮಾಡತೊಡಗಿದ ಪ್ರದೇಶದಲ್ಲಿ ಸೆಳೆದುಕೊಳ್ಳುವುದಕ್ಕೆ ಯಾರೂ ಉಳಿಯುವುದಿಲ್ಲ. ಆಗ ಗೇಟಿಗೆ ಫಲಕ ತೂಗುತ್ತದೆ.

ಸರ್ಕಾರದ ಏರ್ಪಾಟುಗಳ ಮಾತಿಗೆ ಬರೋಣ. ನಮ್ಮಲ್ಲಿ ಐಟಿಐ ಎಂದು ಎಲ್ಲರ ಬಾಯಲ್ಲಿರುವ ಕೈಗಾರಿಕಾ ತರಬೇತಿ ಸಂಸ್ಥೆಗಳು 1950ರ ಕುಶಲಕರ್ಮಿ ತರಬೇತಿ ಯೋಜನೆಯ ಸಂತಾನ. ಕುತೂಹಲದ ವಿಷಯವೇನೆಂದರೆ, ಆ ಯೋಜನೆಗಿಂತ ಎರಡು ವರ್ಷ ಮೊದಲೇ, 1948ರಲ್ಲಿಯೇ, ಬಿಲಾಸಪುರದ ಬಳಿಯ ಕೋನಿ ಎಂಬಲ್ಲಿ ಬೋಧಕರನ್ನು ತಯಾರಿಸುವ ಕೇಂದ್ರೀಯ ಸಂಸ್ಥೆಯನ್ನು ತೆರೆದಿದ್ದರು. ಮೊದಲು ಕಲಿಸುವವರು, ಬಳಿಕ ಕಲಿಯುವವರು: ಆ ಕಾಲದ ಆಡಳಿತಗಾರರಿಗೆ ಈ ಅನುಕ್ರಮ ಸ್ವಾಭಾವಿಕವಾಗಿ ತೋರಿತ್ತು. ಶಿವರಾವ್ ಸಮಿತಿಯ ಶಿಫಾರಸಿನಂತೆ 1956ರಲ್ಲಿ ಐಟಿಐಗಳ ದೈನಂದಿನ ಆಡಳಿತ ರಾಜ್ಯಗಳಿಗೆ ಬಂದಿತು. ನೀತಿ, ಪರೀಕ್ಷೆ, ಪ್ರಮಾಣಪತ್ರಗಳು ಕೇಂದ್ರದಲ್ಲಿ ಉಳಿದವು. ಮುಂದೆ 1971ರಲ್ಲಿ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಮೇಲ್ವಿಚಾರಕರ ತರಬೇತಿಗಾಗಿ ಜರ್ಮನಿಯ ನೆರವಿನ ಫೋರ್‌ಮನ್ ತರಬೇತಿ ಸಂಸ್ಥೆ ಬಂದಿತು. 1972ರಲ್ಲಿ ಡೆನ್ಮಾರ್ಕಿನ ಸಹಕಾರದಿಂದ ರಾಜಾಜಿನಗರದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಬಂದಿತು. ಇಂದು ಜಿಟಿಟಿಸಿ ಎಂಬ ಹೆಸರಿನಿಂದ ರಾಜ್ಯದ ಹಲವು ಊರುಗಳಲ್ಲಿ ಅದರ ಶಾಖೆಗಳಿವೆ. ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಕಲಿಯುವ ವಿದ್ಯಾರ್ಥಿ ಮೂರು ವರ್ಷ ಕೇಂದ್ರದಲ್ಲಿಯೂ ಒಂದು ವರ್ಷ ಕಾರ್ಖಾನೆಯಲ್ಲಿಯೂ ಕಳೆಯುತ್ತಾನೆ. ಅದೇ ಕೇಂದ್ರದ ಕಾರ್ಯಾಗಾರದಲ್ಲಿ ಹೊರಗಿನ ಕಾರ್ಖಾನೆಗಳಿಗೆ ಬೇಕಾದ ಅಚ್ಚುಗಳು ಹಣಕ್ಕೆ ತಯಾರಾಗುತ್ತವೆ. ಕಲಿಸುವವರು ತಾವೂ ದಿನನಿತ್ಯ ಕೆಲಸ ಮಾಡುತ್ತಿರುವವರಾದ್ದರಿಂದ ಅವರ ಕೈ ತುಕ್ಕುಹಿಡಿಯುವುದಿಲ್ಲ. ಜಿಟಿಟಿಸಿಯಲ್ಲಿ ಕಲಿತವರಿಗೆ ಮಾರುಕಟ್ಟೆಯಲ್ಲಿರುವ ಗೌರವಕ್ಕೆ ಮುಖ್ಯ ಕಾರಣ ಇದೆಂದು ನಾನು ಭಾವಿಸುತ್ತೇನೆ.

ಬೋಧಕನ ಮಹತ್ತ್ವವನ್ನು ಇಷ್ಟೊಂದು ಒತ್ತಿ ಹೇಳುವುದೇಕೆಂದು ಓದುಗರು ಕೇಳಬಹುದು. ಪುಸ್ತಕಗಳುಂಟು, ಈಗ ಮೊಬೈಲಿನಲ್ಲಿ ಪಾಠಗಳುಂಟು, ಕಲಿಯುವ ಮನಸ್ಸಿದ್ದರೆ ಸಾಲದೆ? ಈ ಪ್ರಶ್ನೆಗೆ ಉತ್ತರ ಬೇಕಾದವರು ಬೆಳಗಾವಿಯ ಒಂದು ಫೌಂಡ್ರಿಯ ಒಳಗೆ ಹೋಗಿ ನೋಡಬೇಕು. ಅಲ್ಲಿ ಪಂಪಿನ ಹೊರಕವಚವೋ ಟ್ರಾಕ್ಟರಿನ ಒಂದು ಭಾಗವೋ ಎರಕವಾಗುವುದು ಮರಳಿನ ಅಚ್ಚಿನಲ್ಲಿ. ಆ ಮರಳಿಗೆ ಜೇಡಿಯನ್ನೂ ನೀರನ್ನೂ ಬೆರೆಸುವ ಪ್ರಮಾಣ ಪುಸ್ತಕದಲ್ಲಿದೆ. ಅಳೆಯುವ ಉಪಕರಣವೂ ಇದೆ. ಆದರೆ ನುರಿತ ಮೌಲ್ಡರನು ಮೊದಲು ಒಂದು ಹಿಡಿ ಮರಳನ್ನು ಮುಷ್ಟಿಯಲ್ಲಿ ಬಿಗಿದು, ಕೈ ಬಿಚ್ಚಿ, ಮುದ್ದೆಯ ಮೇಲೆ ಬೆರಳಿನ ಗುರುತು ಸ್ಪಷ್ಟವಾಗಿ ಮೂಡಿದೆಯೆ, ಮುರಿದಾಗ ಅಂಚು ಪುಡಿಯಾಗದೆ ನಿಲ್ಲುತ್ತದೆಯೆ ಎಂದು ನೋಡುತ್ತಾನೆ. ತೇವ ಹೆಚ್ಚಾದರೆ ಕಾದ ಲೋಹ ತಗುಲಿದೊಡನೆ ಹಬೆಯೆದ್ದು ಎರಕದೊಳಗೆ ಗುಳ್ಳೆಗಳಾಗುತ್ತವೆ. ಕಡಿಮೆಯಾದರೆ ಅಚ್ಚಿನ ಗೋಡೆ ಉದುರಿ ಲೋಹದೊಳಗೆ ಮರಳು ಸೇರುತ್ತದೆ. ಅಚ್ಚನ್ನು ಎಷ್ಟು ಗಟ್ಟಿಯಾಗಿ ಇಡಿಯಬೇಕು, ಗಾಳಿ ಹೊರಹೋಗಲು ಎಲ್ಲೆಲ್ಲಿ ತೂತು ಚುಚ್ಚಬೇಕು, ಲೋಹ ಆರುವಾಗ ಕುಗ್ಗುವುದನ್ನು ತುಂಬಿಕೊಡಲು ಮೇಲೆ ಎಷ್ಟು ಲೋಹವನ್ನು ಬಿಟ್ಟಿರಬೇಕು ಎಂಬಿವು ಲೆಕ್ಕದ ವಿಷಯಗಳೂ ಹೌದು, ಕೈಯ ವಿಷಯಗಳೂ ಹೌದು. ಲೆಕ್ಕವನ್ನು ಪುಸ್ತಕ ಕೊಟ್ಟೀತು. ಕೈಯನ್ನು ಮತ್ತೊಂದು ಕೈ ಮಾತ್ರ ತಿದ್ದಬಲ್ಲದು. ಐಟಿಐಯ ಫಿಟ್ಟರ್ ತರಗತಿಗೆ ಬಂದ ಹುಡುಗನಿಗೆ ಮೊದಲ ವಾರಗಳಲ್ಲಿ ಅರ ಹಿಡಿಸಿ, ಕಬ್ಬಿಣದ ತುಂಡೊಂದನ್ನು ಸಮತಟ್ಟಾಗಿ ಉಜ್ಜಿಸಿ, ಮೂಲೆಮಟ್ಟವಿಟ್ಟು ಬೆಳಕಿಗೆ ಹಿಡಿದು ತೋರಿಸುವ ಪದ್ಧತಿಯೂ ಇದೇ ಕಾರಣಕ್ಕೆ. ಬೆಳಕು ಸಂದಿಯಲ್ಲಿ ನುಸುಳಿದರೆ ‘ಇನ್ನೊಂದು ಸಲ ಉಜ್ಜಪ್ಪ’ ಎನ್ನುವ ಮೇಷ್ಟ್ರು ಅಲ್ಲಿರಬೇಕು. ಅವರ ಕುರ್ಚಿ ಖಾಲಿಯಾಗಿದ್ದರೆ ಆ ಹುಡುಗ ಎರಡು ವರ್ಷ ಸೊಟ್ಟಗೆ ಉಜ್ಜಿ ಪ್ರಮಾಣಪತ್ರ ಪಡೆದು ಹೊರಬರುತ್ತಾನೆ.

ಫೌಂಡ್ರಿಯ ಮಾತು ಬಂದಾಗ ಮತ್ತೊಂದು ಕಹಿಸತ್ಯವನ್ನೂ ಹೇಳಬೇಕಾಗುತ್ತದೆ. ಬೆಳಗಾವಿಯಂಥ ಎರಕದ ಊರಿನ ಮಕ್ಕಳೂ ಫೌಂಡ್ರಿಮನ್ ತರಗತಿಯನ್ನು ತಾವಾಗಿ ಆರಿಸಿಕೊಳ್ಳುವುದು ಅಪರೂಪ. ಎಲೆಕ್ಟ್ರಿಷಿಯನ್ ಅಥವಾ ಫಿಟ್ಟರ್ ಸಿಕ್ಕದಿದ್ದರೆ ಮಾತ್ರ ಬೇರೆಯದರ ಯೋಚನೆ. ಬಿಸಿ, ಧೂಳು, ಮಸಿ, ಕಡಿಮೆ ಮಾನ. ಮದುವೆಯ ಮಾತುಕತೆಯಲ್ಲಿ ‘ಹುಡುಗ ಫೌಂಡ್ರಿಯಲ್ಲಿದ್ದಾನೆ’ ಎನ್ನುವುದಕ್ಕಿಂತ ‘ಪೇಟೆಯಲ್ಲಿ ಮೊಬೈಲ್ ಅಂಗಡಿಯಲ್ಲಿದ್ದಾನೆ’ ಎನ್ನುವುದಕ್ಕೆ ಬೆಲೆ ಹೆಚ್ಚು. ಆದಕಾರಣ ಬಿಹಾರ, ಉತ್ತರಪ್ರದೇಶ, ಒಡಿಶಾಗಳ ಕೆಲಸಗಾರರು ಬಂದು ಆ ಸ್ಥಾನಗಳನ್ನು ತುಂಬಿದ್ದಾರೆ. ಅವರಿಲ್ಲದೆ ಇಂದು ಕುಲುಮೆಗಳು ಉರಿಯುವುದು ಕಷ್ಟ. ಈ ವಲಸೆಯನ್ನು ಹಳಿಯುವುದು ಅನ್ಯಾಯವೂ ಅವಿವೇಕವೂ ಆದೀತು. ಕರ್ನಾಟಕದಲ್ಲಿ ಒಬ್ಬ ಸ್ತ್ರೀಗೆ ಸರಾಸರಿ ಮಕ್ಕಳ ಸಂಖ್ಯೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1.7ಕ್ಕೆ ಇಳಿದಿದೆ, ಜನಸಂಖ್ಯೆ ಸ್ಥಿರವಾಗಿ ನಿಲ್ಲಲು ಬೇಕಾದ 2.1ಕ್ಕಿಂತ ಇದು ಬಹಳ ಕಡಿಮೆ. ಬರುವ ಎರಡು ದಶಕಗಳಲ್ಲಿ ಹೊರಗಿನಿಂದ ಬರುವ ಕೈಗಳು ನಮಗೆ ಇನ್ನೂ ಹೆಚ್ಚು ಬೇಕಾಗುವುವು. ಹಾಗಿರುವಾಗ ಅವರನ್ನು ಗುತ್ತಿಗೆದಾರರ ಮರ್ಜಿಗೆ ಬಿಡುವ ಬದಲು ಅವರಿಗೂ ಇಲ್ಲಿಯೇ ತರಬೇತಿ, ಪ್ರಮಾಣಪತ್ರ, ಒಂದಿಷ್ಟು ಕನ್ನಡ ಕೊಡುವುದು ಯೋಜನೆಯ ಭಾಗವೇ ಆಗಬೇಕು.

ಯೋಜನೆಯೆಂದರೆ ನಮ್ಮವರಿಗೆ ಹೊಸತೇನಲ್ಲ. 1959ರಷ್ಟು ಹಿಂದೆಯೇ ಖಾಲಿ ಸ್ಥಾನಗಳನ್ನು ಉದ್ಯೋಗ ವಿನಿಮಯ ಕೇಂದ್ರಗಳಿಗೆ ಕಡ್ಡಾಯವಾಗಿ ತಿಳಿಸಬೇಕೆಂಬ ಕಾನೂನು ಬಂದಿತು. ನಿಯತಕಾಲಕ್ಕೆ ಎಷ್ಟು ಜನ ಕೆಲಸದಲ್ಲಿದ್ದಾರೆ, ಯಾವ ವೃತ್ತಿಯವರು ಸಿಕ್ಕುತ್ತಿಲ್ಲ ಎಂದು ವಿವರ ಸಲ್ಲಿಸುವ ಪದ್ಧತಿ ಏರ್ಪಟ್ಟಿತು. 1962ರಲ್ಲಿ ಮಾನವಶಕ್ತಿಯ ಅಂದಾಜಿಗಾಗಿಯೇ ದೆಹಲಿಯಲ್ಲಿ ಒಂದು ಸಂಶೋಧನ ಸಂಸ್ಥೆ ಸ್ಥಾಪಿತವಾಯಿತು. ಆದರೆ ಆ ಕಾಲದ ಎಣಿಕೆದಾರರ ಲಕ್ಷ್ಯವೆಲ್ಲ ಬಹುಮಟ್ಟಿಗೆ ಇಂಜಿನಿಯರುಗಳ ಮೇಲೂ ವೈದ್ಯರ ಮೇಲೂ ಇತ್ತು. ದೇಶಕ್ಕೆ ಇಷ್ಟು ಇಂಜಿನಿಯರುಗಳು ಬೇಕೆಂದು ಲೆಕ್ಕ ಹಾಕಿದಷ್ಟು ಉತ್ಸಾಹದಿಂದ, ಇಂಥ ಜಿಲ್ಲೆಗೆ ಇಷ್ಟು ವೆಲ್ಡರುಗಳು ಬೇಕೆಂದು ಯಾರೂ ಲೆಕ್ಕ ಹಾಕಲಿಲ್ಲ. ಕಾರ್ಖಾನೆಗಳು ಸಲ್ಲಿಸುವ ವಿವರಗಳು ಕಾಲಕ್ರಮದಲ್ಲಿ ಕಡತಕ್ಕೆ ಸೇರುವ ಕಾಗದಗಳಾದುವು. ಲೆಕ್ಕ ಜಿಲ್ಲೆಯಿಂದ ಆರಂಭವಾಗಬೇಕು, ಏಕೆಂದರೆ ಅಭಾವ ತಲೆದೋರುವುದು ಜಿಲ್ಲೆಯಲ್ಲಿ. ಇಡೀ ರಾಜ್ಯದಲ್ಲಿ ಸಾಕಷ್ಟು ಫಿಟ್ಟರುಗಳಿದ್ದಾರೆಂಬ ಸಮಾಧಾನ ಕೊಪ್ಪಳದ ಉಕ್ಕಿನ ಕಾರ್ಖಾನೆಗೆ ಉಪಯೋಗವಿಲ್ಲ.

ಈ ವಿಷಯದಲ್ಲಿ ತೋರಣಗಲ್ಲಿನ ಕಥೆಯನ್ನು ನಾನು ಎಷ್ಟು ಸಲ ನೆನೆದರೂ ನನಗೆ ವಿಸ್ಮಯ ಕಡಿಮೆಯಾಗುವುದಿಲ್ಲ. 1971ರ ಅಕ್ಟೋಬರಿನಲ್ಲಿ ಇಂದಿರಾ ಗಾಂಧಿಯವರು ಅಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಶಂಕುಸ್ಥಾಪನೆ ಮಾಡಿದರು. ಸರ್ಕಾರದ ಆ ಕಾರ್ಖಾನೆ ಮೇಲೇಳಲೇ ಇಲ್ಲ. 1994ರಲ್ಲಿ ಖಾಸಗಿ ಕಂಪನಿ ಹುಟ್ಟಿ, ಆ ದಶಕದ ಕೊನೆಯ ವೇಳೆಗೆ ಉಕ್ಕು ಹರಿಯಿತು. ನಡುವಿನ ಕಾಲು ಶತಮಾನ! ಶಂಕುಸ್ಥಾಪನೆಯ ದಿನ ಹುಟ್ಟಿದ ಮಗು, ಕಾರ್ಖಾನೆ ಬರುವ ಹೊತ್ತಿಗೆ ಶಾಲೆ ಮುಗಿಸಿ, ವೃತ್ತಿ ಕಲಿತು, ಬೇರೆಡೆ ಹತ್ತು ವರ್ಷ ಕೆಲಸ ಮಾಡಿ, ಬೋಧಕನಾಗಿ ಮರಳಿ ಬರಬಹುದಾಗಿತ್ತು. ಕಾರ್ಖಾನೆ ಬರುವುದು ಖಚಿತವಿಲ್ಲದಿದ್ದಾಗ ತರಬೇತಿ ಕೊಡಬಾರದೆನ್ನುವ ವಾದವುಂಟು. ಆದರೆ ವೆಲ್ಡಿಂಗೂ ವಿದ್ಯುತ್ ಕೆಲಸವೂ ಗೊತ್ತಿರುವವನು ಉಕ್ಕಿನ ಕಾರ್ಖಾನೆ ಬಾರದಿದ್ದರೂ ಉಪವಾಸ ಬೀಳುವುದಿಲ್ಲ. ಇಂದಿಗೂ ಸರ್ಕಾರ ಹೂಡಿಕೆದಾರರ ಸಮಾವೇಶಗಳಲ್ಲಿ ಒಡಂಬಡಿಕೆಗೆ ಸಹಿಹಾಕಿದ ದಿನದಿಂದ ಯಂತ್ರ ತಿರುಗುವ ದಿನದವರೆಗೆ, ಭೂಸ್ವಾಧೀನ, ಅನುಮತಿ, ಕಟ್ಟಡಗಳಿಗಾಗಿ ಹಲವು ವರ್ಷಗಳೇ ಕಳೆಯುತ್ತವೆ. ಆ ಅವಧಿಯನ್ನು ವಿಳಂಬವೆಂದು ಎಲ್ಲರೂ ಶಪಿಸುತ್ತಾರೆ. ತರಬೇತಿಯ ದೃಷ್ಟಿಯಿಂದ ಅದು ಲಾಭದ ಕಾಲ.

ಕಾಲದ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ತರಗತಿಗಳಿಗೆ ಎರಡು ವರ್ಷ. ವೆಲ್ಡರಿಗೆ ಒಂದು ವರ್ಷ. ಅನಂತರ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಒಂದು ವರ್ಷವಾದರೂ ಕಳೆಯದೆ ಅವನನ್ನು ಒಂಟಿಯಾಗಿ ಯಂತ್ರದ ಮುಂದೆ ನಿಲ್ಲಿಸಲಾಗದು. ಒಂದು ಯೂನಿಟ್ಟಿನಲ್ಲಿ ಸುಮಾರು ಇಪ್ಪತ್ತು ಮಂದಿ, ಅವರಿಗೊಬ್ಬ ಬೋಧಕ. ಆ ಬೋಧಕ ತಾನು ವೃತ್ತಿ ಕಲಿತು, ಕೆಲವು ವರ್ಷ ದುಡಿದು, ಆ ಮೇಲೆ ಒಂದು ವರ್ಷದ ಬೋಧಕ ತರಬೇತಿ ಪಡೆದಿರಬೇಕು. ಹೊಸ ವೃತ್ತಿಯೊಂದನ್ನು ಹೊಸ ಪ್ರದೇಶದಲ್ಲಿ ಬೇರೂರಿಸಲು, ಬೋಧಕನಿಂದ ಮೊದಲ್ಗೊಂಡು ಲೆಕ್ಕ ಹಾಕಿದರೆ, ಏಳೆಂಟು ವರ್ಷ ಬೇಕು. ಸರ್ಕಾರವೊಂದರ ಅವಧಿ ಐದು ವರ್ಷ. ಕಟ್ಟಡವನ್ನು ಹದಿನೆಂಟು ತಿಂಗಳಲ್ಲಿ ಉದ್ಘಾಟಿಸಬಹುದು. ಬೋಧಕನನ್ನು ಉದ್ಘಾಟಿಸುವುದಕ್ಕೆ ಬಾರದು. ನಮ್ಮ ಆಯವ್ಯಯ ಪತ್ರಗಳಲ್ಲಿ ಕಟ್ಟಡಗಳು ಏಕೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಾಗಲಾರದು.

ಹಾಗೆಂದು ಸರ್ಕಾರ ಸುಮ್ಮನಿದೆಯೆಂದಲ್ಲ. 2016ರಲ್ಲಿ ಕೌಶಲ್ಯಾಭಿವೃದ್ಧಿಗಾಗಿ ಪ್ರತ್ಯೇಕ ಇಲಾಖೆಯಾಯಿತು. 2022ರಲ್ಲಿ ‘ಉದ್ಯೋಗ’ ಎಂಬ ಯೋಜನೆಯಡಿ, ಟಾಟಾ ಟೆಕ್ನಾಲಜೀಸ್ ಸಂಸ್ಥೆಯ ಸಹಯೋಗದೊಡನೆ, ನಾಲ್ಕೂವರೆ ಸಾವಿರ ಕೋಟಿ ರೂಪಾಯಿಗಳಿಗೂ ಮೀರಿದ ವೆಚ್ಚದಲ್ಲಿ 150 ಸರ್ಕಾರಿ ಐಟಿಐಗಳು ನವೀಕೃತವಾದವು. ಒಂದು ಕಾಲದಲ್ಲಿ ಬೆಲ್ಟು ತಿರುಗಿಸುವ ಲೇತನ್ನಷ್ಟೇ ಕಂಡಿದ್ದ ತಾಲ್ಲೂಕು ಕೇಂದ್ರಗಳಿಗೆ ಸಿ.ಎನ್.ಸಿ. ಯಂತ್ರ, ರೊಬಾಟು, ವಿದ್ಯುತ್ ವಾಹನದ ಪಾಠಗಳು ಬಂದವು. ಇದು ಶ್ಲಾಘ್ಯ. ಯಾದಗಿರಿಯ ಹುಡುಗ ರೊಬಾಟಿನ ತೋಳನ್ನು ಮೊದಲ ಸಲ ಕಾಣುವುದಕ್ಕಾಗಿ ಬೆಂಗಳೂರಿಗೆ ಬರಬೇಕಾಗಿಲ್ಲವೆಂಬುದು ಸಣ್ಣ ಮಾತೇನೂ ಅಲ್ಲ. ಆದರೆ ಯಂತ್ರಕ್ಕೆ ಒಂದು ಸಲ ಹಣ ಕೊಟ್ಟರೆ ಸಾಕು. ಅದನ್ನು ಕಲಿಸುವವನಿಗೆ ತಿಂಗಳು ತಿಂಗಳೂ ಕೊಡಬೇಕು, ಅವನ ಕೈ ಹಳತಾಗದಂತೆ ಎರಡು ಮೂರು ವರ್ಷಕ್ಕೊಮ್ಮೆ ಕಾರ್ಖಾನೆಗೆ ಕಳುಹಿಸಬೇಕು, ಮಾರುಕಟ್ಟೆಯಲ್ಲಿ ಅವನಿಗೆ ಸಿಕ್ಕಬಹುದಾದ ಸಂಬಳಕ್ಕೆ ಹತ್ತಿರವಾದ ಸಂಬಳವನ್ನಾದರೂ ಇಡಬೇಕು. ಹೊಸ ಯಂತ್ರವನ್ನು ನಡೆಸಬಲ್ಲವನಿಗೆ ಹೊರಗೆ ಹೆಚ್ಚು ಸಂಪಾದನೆಯಿರುವಾಗ, ಅವನು ಗುತ್ತಿಗೆಯ ಆಧಾರದ ಮೇಲೆ ಅತಿಥಿ ಬೋಧಕನಾಗಿ ತಾಲ್ಲೂಕು ಐಟಿಐಯಲ್ಲಿ ಯಾಕೆ ಕುಳಿತಾನು?

ಜರ್ಮನಿಯ ಉದಾಹರಣೆಯನ್ನು ನಮ್ಮಲ್ಲಿ ಪದೇಪದೇ ಎತ್ತುತ್ತಾರೆ. ವಾರದಲ್ಲಿ ಕೆಲವು ದಿನ ಶಾಲೆ, ಉಳಿದ ದಿನ ಕಾರ್ಖಾನೆ ಎಂಬ ಅಲ್ಲಿನ ಉಭಯಪದ್ಧತಿಯನ್ನು ನಾವೂ ಐಟಿಐಗಳಲ್ಲಿ ಅಳವಡಿಸಲೆತ್ನಿಸಿದ್ದೇವೆ. ಆದರೆ ಆ ಪದ್ಧತಿಯ ಬೆನ್ನೆಲುಬಾದ 1969ರ ವೃತ್ತಿಶಿಕ್ಷಣ ಕಾನೂನಿನ ಒಂದು ಅಂಶ ನಮ್ಮ ಕಣ್ಣಿಗೆ ಬಿದ್ದಂತಿಲ್ಲ. ಅಲ್ಲಿ ಕಾರ್ಖಾನೆಯೊಂದು ಅಪ್ರೆಂಟಿಸನನ್ನು ತೆಗೆದುಕೊಳ್ಳಬೇಕಾದರೆ, ಕಲಿಸುವ ಯೋಗ್ಯತೆ ಪಡೆದ ವ್ಯಕ್ತಿ ಅಲ್ಲಿರಲೇಬೇಕು. ಯಂತ್ರ ಬಲ್ಲವನೆಂದ ಮಾತ್ರಕ್ಕೆ ಆತ ಕಲಿಸಬಲ್ಲವನೆಂದು ಅವರು ಒಪ್ಪುವುದಿಲ್ಲ. ನಮ್ಮ 1961ರ ಅಪ್ರೆಂಟಿಸ್ ಕಾಯಿದೆ ಸಂಖ್ಯೆಯನ್ನು ನಿಗದಿಪಡಿಸುತ್ತದೆ: 2019ರ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸುಗಳನ್ನು ತೆಗೆದುಕೊಳ್ಳಬೇಕು. ತೆಗೆದುಕೊಂಡ ಮೇಲೆ ಅವರನ್ನು ಯಾರ ಪಕ್ಕದಲ್ಲಿ ನಿಲ್ಲಿಸುತ್ತಾರೆ? ಎಷ್ಟೋ ಕಡೆ ಯಾರ ಪಕ್ಕದಲ್ಲಿಯೂ ಇಲ್ಲ. ಹೆಲ್ಪರಿನ ಕೆಲಸಕ್ಕೆ ಕಡಿಮೆ ಸಂಬಳದ ಕೈ ಸಿಕ್ಕಿತೆಂದು ಪೊಟ್ಟಣ ಕಟ್ಟಿಸುವುದೂ ಸಾಮಾನು ಹೊರಿಸುವುದೂ ನಡೆದಿರುತ್ತದೆ.

ಪ್ರಾದೇಶಿಕ ಅಸಮತೋಲನದ ಮಾತಿಲ್ಲದೆ ಈ ಚರ್ಚೆ ಅಪೂರ್ಣ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಸಲ್ಲಿಸಿದ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದು ಹೇಳಿತು. ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಬಹುಪಾಲು ಉತ್ತರ ಕರ್ನಾಟಕದವು. ಆ ಮೇಲೆ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371 ಜೆ ವಿಧಿಯ ವಿಶೇಷ ಸ್ಥಾನವೂ ದೊರೆಯಿತು. ಐಟಿಐಗಳ ಕಟ್ಟಡಗಳೂ ಅಲ್ಲಿ ಎದ್ದಿವೆ. ಆದರೆ ಹಿಂದುಳಿದ ತಾಲ್ಲೂಕಿಗೆ ನೇಮಕವಾದ ಬೋಧಕ ಮೊದಲ ದಿನದಿಂದಲೇ ವರ್ಗಾವಣೆಯ ಅರ್ಜಿ ಬರೆಯತೊಡಗುತ್ತಾನೆಂಬುದು, ಆ ಕಡೆಯ ಪ್ರಾಚಾರ್ಯರೆಲ್ಲ ನಗುತ್ತ ಹೇಳುವ ದುಃಖದ ಮಾತು. ಇದಕ್ಕೆ ಪರಿಹಾರ ಕಠಿಣವಾದರೂ ಗೂಢವಾದುದಲ್ಲ. ಆಯಾ ಜಿಲ್ಲೆಯ ಹುಡುಗ ಹುಡುಗಿಯರಲ್ಲಿ ಚುರುಕಾದವರನ್ನು ಆರಿಸಿ, ವಿದ್ಯಾರ್ಥಿವೇತನವಿತ್ತು, ಬೆಂಗಳೂರಿನ ಜಿಟಿಟಿಸಿಗೋ ಬೋಧಕ ತರಬೇತಿ ಸಂಸ್ಥೆಗೋ ಕಳುಹಿಸಿ, ಕೆಲವು ವರ್ಷ ಕಾರ್ಖಾನೆಯ ಅನುಭವ ಕೊಡಿಸಿ, ಇಂತಿಷ್ಟು ವರ್ಷ ತಮ್ಮ ಜಿಲ್ಲೆಯಲ್ಲಿ ಕಲಿಸಬೇಕೆಂಬ ಒಡಂಬಡಿಕೆಯೊಡನೆ ಮರಳಿ ಕರೆತರುವುದು. ತನ್ನ ಊರಿನಲ್ಲಿ ಮನೆಯಿರುವವನು ಅಲ್ಲಿ ನಿಲ್ಲುತ್ತಾನೆ. ವೈದ್ಯರ ವಿಷಯದಲ್ಲಿ ಗ್ರಾಮೀಣ ಸೇವೆಯ ಕಟ್ಟುಪಾಡುಗಳನ್ನು ಮಾಡಿದ ನಮಗೆ ವೃತ್ತಿಬೋಧಕರ ವಿಷಯದಲ್ಲಿ ಹಾಗೆ ತೋಚಲಿಲ್ಲ. ತೋಚದಿದ್ದುದಕ್ಕೆ ಕಾರಣ, ಅವರನ್ನು ನಾವು ಮೇಷ್ಟ್ರುಗಳ ಸಾಲಿನಲ್ಲಿಯೂ ಪೂರ್ತಿ ಕೂರಿಸಿಲ್ಲದಿರುವುದು.

ಹುಡುಗಿಯರ ಮಾತನ್ನು ಮೇಲೆ ಸುಮ್ಮನೆ ಸೇರಿಸಲಿಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಅರವತ್ತರ ದಶಕದ ಆರಂಭದಲ್ಲಿ ಎಚ್.ಎಂ.ಟಿ. ಗಡಿಯಾರಗಳನ್ನು ಜೋಡಿಸತೊಡಗಿದಾಗ ಆ ಸೂಕ್ಷ್ಮ ಕೆಲಸದಲ್ಲಿ ಬೆಂಗಳೂರಿನ ಹೆಣ್ಣುಮಕ್ಕಳು ಪಳಗಿದರು. ಇಂದು ದೇವನಹಳ್ಳಿ, ನರಸಾಪುರಗಳ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಯುವತಿಯರನ್ನೇ ಹೆಚ್ಚಾಗಿ ಸೇರಿಸಿಕೊಳ್ಳುತ್ತಿವೆ. ಸುರಕ್ಷಿತವಾದ ವಸತಿಯೂ ಬಸ್ಸೂ ಇದ್ದಲ್ಲಿ ಅವರು ಬರುತ್ತಾರೆ; ಇಲ್ಲದಲ್ಲಿ ತಂದೆತಾಯಿ ಕಳುಹಿಸುವುದಿಲ್ಲ. ಮಾನವಶಕ್ತಿಯ ಯೋಜನೆಯಲ್ಲಿ ಹಾಸ್ಟೆಲ್ಲಿನ ಕೋಣೆಗಳಿಗೂ ಒಂದು ಅಂಕಣವಿರಬೇಕು.

ಕಲಿಸಬಲ್ಲ ಕೈಗಳು ಸಂಪೂರ್ಣವಾಗಿ ಮಾಯವಾಗಿವೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಎಚ್.ಎಂ.ಟಿ., ಐ.ಟಿ.ಐ. ದೂರವಾಣಿ ಕಾರ್ಖಾನೆ, ಎಚ್.ಎ.ಎಲ್., ಬಿ.ಇ.ಎಂ.ಎಲ್. ಮೊದಲಾದೆಡೆ ಮೂವತ್ತು ನಲವತ್ತು ವರ್ಷ ದುಡಿದು ನಿವೃತ್ತರಾದವರು ಜಾಲಹಳ್ಳಿ, ದೂರವಾಣಿನಗರ, ಹರಿಹರ, ಭದ್ರಾವತಿ, ಕೋಲಾರಗಳ ಬೀದಿಗಳಲ್ಲಿ ಈಗಲೂ ಬೆಳಗಿನ ವಾಯುವಿಹಾರ ಮಾಡುತ್ತಿದ್ದಾರೆ. ಅವರಲ್ಲಿ ಬಹುಮಂದಿಗೆ ಪದವಿಯಿಲ್ಲ. ಆದ್ದರಿಂದ ನೇಮಕಾತಿಯ ನಿಯಮಗಳ ಬಾಗಿಲಲ್ಲಿ ಅವರಿಗೆ ಪ್ರವೇಶವಿಲ್ಲ. ವಯೋಮಿತಿಯಂತೂ ಮೀರಿದೆ. ನಿಯಮವನ್ನು ಸಡಿಲಿಸಿ, ಹತ್ತಿರದ ಐಟಿಐಯಲ್ಲಿ ವಾರಕ್ಕೆ ಎರಡು ದಿನ ಅವರನ್ನು ಗೌರವಧನವಿತ್ತು ನಿಲ್ಲಿಸಿಕೊಂಡರೆ, ಹೊಸ ಬೋಧಕರು ತಯಾರಾಗುವ ಏಳೆಂಟು ವರ್ಷಗಳ ಅಂತರ ಸ್ವಲ್ಪಮಟ್ಟಿಗಾದರೂ ತುಂಬುತ್ತದೆ. ಆ ತಲೆಮಾರು ಇನ್ನು ಹದಿನೈದು ವರ್ಷ ನಮ್ಮೊಡನೆ ಇರಲಾರದು. ಅವರೊಡನೆ ಹೋಗುವ ವಿದ್ಯೆಯನ್ನು ಯಾವ ಆಯವ್ಯಯದಿಂದಲೂ ಮರಳಿ ಕೊಳ್ಳಲಾಗದು.

ಈ ಲೇಖನವನ್ನು ಓದುತ್ತಿರುವವರಲ್ಲಿ ಶಾಸಕರೋ ಕಾರ್ಖಾನೆಯ ಮಾಲೀಕರೋ ಇದ್ದರೆ ಅವರಲ್ಲಿ ಒಂದು ವಿಜ್ಞಾಪನೆ. ಮುಂದಿನ ಸಲ ನಿಮ್ಮ ತಾಲ್ಲೂಕಿನ ಐಟಿಐಗೆ ಹೋದಾಗ ಹೊಸ ಯಂತ್ರಗಳನ್ನು ನೋಡಿದ ಬಳಿಕ ಹಾಜರಿ ಪುಸ್ತಕವನ್ನೂ ತರಿಸಿ ನೋಡಿ. ಮಂಜೂರಾದ ಬೋಧಕರ ಹುದ್ದೆಗಳೆಷ್ಟು, ತುಂಬಿದವೆಷ್ಟು, ತುಂಬಿದವರಲ್ಲಿ ಕಳೆದ ಐದು ವರ್ಷಗಳಲ್ಲಿ ಕಾರ್ಖಾನೆಯೊಂದರ ಒಳಗೆ ಕೆಲಸ ಮಾಡಿ ಬಂದವರೆಷ್ಟು ಎಂದು ಕೇಳಿ. ಉತ್ತರವನ್ನು ಬರೆಸಿಕೊಂಡು ಜಿಲ್ಲಾ ಮಟ್ಟದ ಸಭೆಯಲ್ಲಿ ಓದಿಸಿ. ಮಕ್ಕಳನ್ನು ಐಟಿಐಗೆ ಸೇರಿಸುತ್ತಿರುವ ತಂದೆತಾಯಿಗಳೂ ಶುಲ್ಕ ಕಟ್ಟುವ ಮೊದಲು ಅದೇ ಪ್ರಶ್ನೆಯನ್ನು ಕೇಳಲಿ.